1791ರ ಮೇ: ಗೆದ್ದ ದಂಡು ತನ್ನ ಫಿರಂಗಿಗಳನ್ನೇ ಯಾಕೆ ಒಡೆದುಹಾಕಿತು?

ಕೋಟೆ_ಅಲೆಮಾರಿ:
ಮೂರನೇ ಮೈಸೂರು ಯುದ್ಧದ ಒಂದು ವಾರ ನನ್ನ ತಲೆ ತಿನ್ನುತ್ತಿದೆ. 1791ರ ಮೇ 15ರಂದು ಅರಕೆರೆ ಹತ್ತಿರ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ದಂಡನ್ನು ಹಿಂದಕ್ಕೆ ತಳ್ಳಿದ. ಅಲ್ಲಿಂದ ಶ್ರೀರಂಗಪಟ್ಟಣ ಸುಮಾರು 9 ಮೈಲಿ, ಅಷ್ಟೇ. ಇನ್ನೇನು ಮುತ್ತಿಗೆ ಶುರು ಅನ್ನಬೇಕು. ಆದರೆ ಮೇ 22ರಂದು ಕನ್ನಂಬಾಡಿ ಬಳಿ ಅದೇ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿದ. ಮದ್ದುಗುಂಡು ಹಾಳು ಮಾಡಿಸಿದ. 26ಕ್ಕೆ ಬೆಂಗಳೂರಿನ ದಾರಿ ಹಿಡಿದ.

ಇದು ಮೂವರ ಕೂಟ ಅನ್ನುವುದು ನೆನಪಿರಲಿ. ಕಂಪನಿ, ಪುಣೆಯ ಪೇಶ್ವೆ, ಹೈದರಾಬಾದಿನ ನಿಜಾಮ. 1790ರ ಜೂನ್ 1ಕ್ಕೆ ಪುಣೆ ಒಪ್ಪಂದ, ಜುಲೈ 4ಕ್ಕೆ ಪಾನಗಲ್ ಒಪ್ಪಂದ. ಗೆದ್ದದ್ದನ್ನು ಮೂವರೂ ಸಮನಾಗಿ ಹಂಚಿಕೊಳ್ಳಬೇಕು ಅಂತ ಬರೆದಾಗಿತ್ತು. ಹಾಗಿದ್ದರೆ ಮೇ 15ರ ದಿನ ಉಳಿದವರು ಎಲ್ಲಿದ್ದರು? ಮಳೆಗೆ ಹೆದರಿ ಓಡಿದ ಅಂತ ಒಂದೇ ಸಾಲಿನಲ್ಲಿ ಮುಗಿಸುವ ಉತ್ತರ ಬೇಡ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಗಂಜಾಂ_ಅಂಜೂರ:
ಮಳೆಯೂ ಒಂದು ಕಾರಣವೇ ಅಣ್ಣ. ಆ ವರ್ಷ ಕಾವೇರಿ ಮೇ ತಿಂಗಳಲ್ಲೇ ಏರಿತ್ತು. ಅರಕೆರೆ ಹತ್ತಿರ ಹೊಳೆ ದಾಟಲು ಆಗಲಿಲ್ಲ, ಅದಕ್ಕೇ ಮೇಲಕ್ಕೆ ಕನ್ನಂಬಾಡಿ ಕಡೆ ಹೋದರು. ಹೊಳೆಯ ಆಚೆ ಪಿರಿಯಾಪಟ್ಟಣದ ಕಡೆ ಅಬರ್‌ಕ್ರಾಂಬಿಯ ಬೊಂಬಾಯಿ ದಂಡು ಕೊಡಗಿನ ಮೂಲಕ ಬಂದು ಕಾಯುತ್ತಿತ್ತು. ಅವನ ಜೊತೆ ಸೇರುವುದೇ ಕಾರ್ನ್‌ವಾಲಿಸ್ ಲೆಕ್ಕ. ಅದೂ ಆಗಲಿಲ್ಲ. ನೀನು ವಾಪಸ್ ಹೋಗು ಅಂತ ಹೇಳಿ ಕಳಿಸಬೇಕಾಯಿತು.

ಆ ಹಳೇ ಕನ್ನಂಬಾಡಿ ಊರು ಈಗ ಕೆ.ಆರ್.ಎಸ್. ನೀರಿನ ಅಡಿ ಇದೆ. ನಮ್ಮ ಕಡೆ ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಪ್ರವಾಸಕ್ಕೆ ಬರುವವರು ಬೃಂದಾವನದ ಕಾರಂಜಿ ನೋಡಿಕೊಂಡು ಹೋಗುತ್ತಾರೆ.

ಹಳ್ಳಿಕಾರ್_ಜೋಡಿ:
ಎತ್ತು ಸತ್ತವು. ಅದೇ ಉತ್ತರ. ಉಳಿದದ್ದೆಲ್ಲ ಆಮೇಲೆ.

ಕೋಟೆ_ಅಲೆಮಾರಿ:
ಅಷ್ಟು ಸುಲಭವಾಗಿ ಬಿಡಲ್ಲ ಅಣ್ಣ, ಬಿಡಿಸಿ ಹೇಳಿ.

ಹಳ್ಳಿಕಾರ್_ಜೋಡಿ:
ಸರಿ, ಕೂತು ಬರೆಯುತ್ತೇನೆ.

ಕೋಟೆ ಗೋಡೆ ಒಡೆಯುವ ಫಿರಂಗಿ ಅಂದರೆ ಕುದುರೆ ಹಿಂದೆ ಓಡಾಡುವ ಸಣ್ಣ ತೋಪು ಅಲ್ಲ. ಗುಂಡೇ 18 ಪೌಂಡು, 24 ಪೌಂಡು ತೂಗುತ್ತದೆ. ಒಂದು ಫಿರಂಗಿ ಎಳೆಯಲು ಹತ್ತಾರು ಎತ್ತು ಸಾಲಾಗಿ ಕಟ್ಟಬೇಕು. ಕಣಿವೆ, ಕೆಸರು ಬಂದರೆ ಹಿಂದಿನಿಂದ ಆನೆ ತಳ್ಳಬೇಕು. ಅದಕ್ಕೇ ಬಂಗಾಳದಿಂದ ಆನೆ ತರಿಸಿದ್ದರು. ಅದರ ಹಿಂದೆ ಗುಂಡು, ಮದ್ದು, ಅಕ್ಕಿ, ಸಾರಾಯಿ, ಡೇರೆ, ಎಲ್ಲವೂ ಎತ್ತಿನ ಬೆನ್ನ ಮೇಲೇ ಬರಬೇಕು. ದಂಡಿನಲ್ಲಿ ಸಿಪಾಯಿಗಿಂತ ಹಿಂಬಾಲಕರೇ ಎಷ್ಟೋ ಪಟ್ಟು ಜಾಸ್ತಿ. ಅವರಿಗೂ ಹೊಟ್ಟೆ ಇದೆ.

ಕಂಪನಿಯವರ ಎತ್ತುಗಳು ಹೆಚ್ಚಿನವು ಕೆಳಗಿನ ತಮಿಳು ಸೀಮೆಯ ಬಾಡಿಗೆ ಎತ್ತುಗಳು. ಗುತ್ತಿಗೆದಾರ ಕಾಸಿನ ಆಸೆಗೆ ಬಡಕಲು ಎತ್ತು ತಂದು ಲೆಕ್ಕ ತೋರಿಸುತ್ತಿದ್ದ. ಫೆಬ್ರವರಿಯಿಂದ ನಡೆಸಿಕೊಂಡು ಬಂದು, ಬೆಂಗಳೂರಿನ ಮುತ್ತಿಗೆಯಲ್ಲಿ ಉಪವಾಸ ಕೆಡವಿ, ಆಮೇಲೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಡಿಸಿದರು. ಟಿಪ್ಪು ಏನು ಮಾಡಿದ? ಚನ್ನಪಟ್ಟಣದ ಮುಖ್ಯ ದಾರಿಯಲ್ಲಿ ಹುಲ್ಲು ಸುಡಿಸಿದ, ಊರುಗಳನ್ನು ಖಾಲಿ ಮಾಡಿಸಿದ. ಇವರು ಆ ದಾರಿ ಬಿಟ್ಟು ಕನಕಪುರದ ಕಾಡುದಾರಿ ಹಿಡಿದರು. ಅಲ್ಲೂ ಹುಲ್ಲು ಸುಟ್ಟಿತ್ತು. ಹುಲ್ಲಿಲ್ಲದ ಕಡೆ, ಹುರುಳಿ ಇಲ್ಲದ ಎತ್ತು, ಮಳೆಯಲ್ಲಿ ನೆನೆದು, ಫಿರಂಗಿ ಎಳೆಯಬೇಕು. ಮೇಲಿಂದ ರೋಗ ಬೇರೆ ಬಂತು. ಎತ್ತು ಸಾಯುತ್ತಾ ಬಂದ ಹಾಗೆ ಸಿಪಾಯಿಗಳೇ ಗುಂಡು ಹೊತ್ತರು, ಫಿರಂಗಿಗೆ ಹಗ್ಗ ಹಾಕಿ ಎಳೆದರು. ಕನ್ನಂಬಾಡಿ ಮುಟ್ಟುವ ಹೊತ್ತಿಗೆ ಎಳೆಯುವವರೇ ಇಲ್ಲ. ಬಿಟ್ಟು ಹೋದರೆ ಟಿಪ್ಪುವಿಗೆ ಸಿಗುತ್ತದೆ. ಒಡೆಯದೆ ಇನ್ನೇನು ಮಾಡಬೇಕಿತ್ತು?

ಇದೇ ಕೆಲಸಕ್ಕೆ ನಮ್ಮ ಕಡೆ ಅಮೃತ ಮಹಲ್ ಇತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಆ ಹೆಸರಿಟ್ಟು ಹುಕುಂ ಬರೆಸಿದ. ಕಾವಲ್ ಅಂತ ಹುಲ್ಲುಗಾವಲು ಮೀಸಲಿಟ್ಟು ಎತ್ತುಗಳನ್ನು ದಂಡಿಗೆಂದೇ ಸಾಕುತ್ತಿದ್ದರು. ಟಿಪ್ಪುವಿನ ಫಿರಂಗಿ ಬೇಗ ಬೇಗ ಓಡಾಡುತ್ತಿದ್ದದ್ದು ಅದಕ್ಕೇ. 1799ರ ನಂತರ ಬ್ರಿಟಿಷರು ಆ ಮಂದೆಯನ್ನು ಹಿಡಿದು ತಾವೇ ಬಳಸಿಕೊಂಡರು. ಅಜ್ಜಂಪುರದ ತಳಿ ಕೇಂದ್ರದಲ್ಲಿ ಇವತ್ತಿಗೂ ಆ ತಳಿ ಇದೆ. ನಿಂತ ನಿಲುವು ನೋಡಿದರೆ ಗೊತ್ತಾಗುತ್ತದೆ, ಅದು ಉಳುವುದಕ್ಕೆ ಮಾಡಿದ ಎತ್ತಲ್ಲ, ನಡೆಯುವುದಕ್ಕೆ ಮಾಡಿದ್ದು.

ಮಳೆಗಾಲದ_ಓದು:
ಹಳ್ಳಿಕಾರ್ ಅಣ್ಣ, ಇದನ್ನು ಬೇರೆ ಲೇಖನವಾಗಿಯೇ ಹಾಕಿ. ಬಹಳ ಚೆನ್ನಾಗಿದೆ.

ರಾಕೆಟ್_ರಾಜ:
ಎಲ್ಲರೂ ಎತ್ತು ಎತ್ತು ಅಂತಿದ್ದೀರಿ. ರಾಕೆಟ್ ಬಗ್ಗೆ ಯಾರೂ ಮಾತಾಡಲ್ವಾ? ಅಷ್ಟು ರಾಕೆಟ್ ಇಟ್ಟುಕೊಂಡು ಟಿಪ್ಪು ಸೋತದ್ದು ಹೇಗೆ?

ಲೆಕ್ಕದ_ಮೇಷ್ಟ್ರು:
ರಾಕೆಟ್ ಇತ್ತು, ಹೆದರಿಸುತ್ತಿತ್ತು, ಕುದುರೆ ಮತ್ತು ಎತ್ತುಗಳನ್ನು ಚದುರಿಸುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಬಾವಿಯೊಂದರಲ್ಲಿ ಸಾವಿರಕ್ಕೂ ಜಾಸ್ತಿ ಸಿಕ್ಕವಲ್ಲ, ಅದನ್ನು ನೋಡಿದರೆ ಎಷ್ಟು ಮಾಡಿಟ್ಟಿದ್ದರು ಅಂತ ತಿಳಿಯುತ್ತದೆ. ಆದರೆ ಕೋಟೆ ಮುತ್ತಿಗೆ ರಾಕೆಟ್‌ನಿಂದ ನಿಲ್ಲುವುದಿಲ್ಲ ಮಗಾ. ಈ ಎಳೆಯಲ್ಲಿ ಅದನ್ನು ಇಲ್ಲಿಗೇ ಬಿಡೋಣ.

ಅಲೆಮಾರಿಯವರ ನಿಜವಾದ ಪ್ರಶ್ನೆ ಉಳಿದವರು ಎಲ್ಲಿದ್ದರು ಅನ್ನುವುದು. ತಾರೀಖು ಇಟ್ಟು ನೋಡಿ.

1790ರ ಸೆಪ್ಟೆಂಬರಿನಿಂದ ಮರಾಠರ ಸೇನಾಪತಿ ಪರಶುರಾಮ ಭಾವು ಪಟವರ್ಧನ್ ಧಾರವಾಡದ ಮುಂದೆ ಕೂತ. ಏಪ್ರಿಲ್‌ವರೆಗೂ ಅಲ್ಲೇ. ನಿಜಾಮನ ದಂಡು ಅಕ್ಟೋಬರ್ 28ರಿಂದ ಕೊಪ್ಪಳದ ಮುಂದೆ ಕೂತಿತು. ಅದು ಬಿದ್ದದ್ದು 1791ರ ಏಪ್ರಿಲ್ 18ಕ್ಕೆ. ಕಂಪನಿಯ ಮೆಡೋಸ್ 1790ರಲ್ಲಿ ಕೊಯಮತ್ತೂರಿನ ಕಡೆ ಓಡಾಡಿದ. ಟಿಪ್ಪು ಗಜ್ಜಲಹಟ್ಟಿ ಕಣಿವೆ ಇಳಿದು ಬಂದು ಸತ್ಯಮಂಗಲದಲ್ಲಿ ಹೊಡೆದ ಮೇಲೆ ಮೆಡೋಸ್ ಘಟ್ಟ ಹತ್ತಲೇ ಇಲ್ಲ. ಆಮೇಲೆ ಕಾರ್ನ್‌ವಾಲಿಸ್ ತಾನೇ ಬಂದು, ಆಂಬೂರಿನ ಕಡೆ ಹೋಗುವ ಹಾಗೆ ತೋರಿಸಿ, ಮುಗಲಿ ಕಣಿವೆ ಹತ್ತಿದ. ಕೋಲಾರ, ಹೊಸಕೋಟೆ ದಾಟಿ ಮಾರ್ಚ್ 5ಕ್ಕೆ ಬೆಂಗಳೂರು. 7ಕ್ಕೆ ಪೇಟೆ, 21ರ ರಾತ್ರಿ ಕೋಟೆ.

ಅಂದರೆ ಮೂವರೂ ಮೂರು ಮೂಲೆಯಲ್ಲಿ. ಭಾವುವಿಗೆ ಬೇಕಿದ್ದದ್ದು ಕೃಷ್ಣೆ ಮತ್ತು ತುಂಗಭದ್ರೆ ನಡುವಿನ ಸೀಮೆ. ನಿಜಾಮನಿಗೆ ಕೊಪ್ಪಳ, ಕಡಪ. ಶ್ರೀರಂಗಪಟ್ಟಣ ಬೇಕಿದ್ದದ್ದು ಕಾರ್ನ್‌ವಾಲಿಸ್‌ಗೆ ಮಾತ್ರ. ಇದು ಒಂದೇ ದಂಡಯಾತ್ರೆ ಅಂತ ಹೇಳಿದರೂ 1791ರ ಮೇವರೆಗೆ ನಡೆದದ್ದು ಮೂರು ಬೇರೆ ಬೇರೆ ಯುದ್ಧ.

ಧಾರವಾಡ_ಕಟ್ಟೆ:
ಮೇಷ್ಟ್ರೇ, ಧಾರವಾಡದ ಮುಂದೆ ‘ಕೂತ’ ಅಂತ ಸುಮ್ನೆ ಹೇಳಿಬಿಟ್ಟಿರಿ. ಅದಕ್ಕೆ ಸ್ವಲ್ಪ ತಕರಾರು ಇದೆ.

ಈ ಮಾತು ಹುಟ್ಟಿದ್ದು ಭಾವುವಿನ ಜೊತೆಗಿದ್ದ ಇಂಗ್ಲಿಷ್ ಅಧಿಕಾರಿಗಳಿಂದ. ಕ್ಯಾಪ್ಟನ್ ಲಿಟಲ್‌ನ ಕೈಕೆಳಗೆ ಬೊಂಬಾಯಿಯ ಸಣ್ಣ ತುಕಡಿ ಒಂದು ಮರಾಠರ ಜೊತೆ ಇತ್ತು. ಅದರಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಯುವ ಅಧಿಕಾರಿ ಬರೆದಿಟ್ಟದ್ದನ್ನು ಎಲ್ಲರೂ ಎತ್ತಿ ಹಾಕುತ್ತಾರೆ. ಮರಾಠರು ಒಂದು ಫಿರಂಗಿ ತುಂಬುತ್ತಾರೆ, ಅರ್ಧ ಗಂಟೆ ಕೂತು ಹರಟೆ ಹೊಡೆದು ಹುಕ್ಕಾ ಸೇದುತ್ತಾರೆ, ಆಮೇಲೆ ಹಾರಿಸುತ್ತಾರೆ, ಧೂಳು ಎದ್ದರೆ ಸಾಕು ಖುಷಿ ಅಂತ. ಓದಲು ಮಜಾ ಇದೆ, ಒಪ್ಪುತ್ತೇನೆ. ಆದರೆ ಕಂಪನಿಯವರು ತಾವು ಏನು ತಂದಿದ್ದರು? ಸರಿಯಾದ ಮುತ್ತಿಗೆ ಫಿರಂಗಿಯೂ ಇಲ್ಲ, ಬೇಕಾದಷ್ಟು ಮದ್ದೂ ಇಲ್ಲ. ಕರ್ನಲ್ ಫ್ರೆಡರಿಕ್ ಅವಸರ ಮಾಡಿ ಲಗ್ಗೆ ಹಾಕಿ ಸೋತ. ಮಾರ್ಚ್‌ನಲ್ಲಿ ಅಲ್ಲೇ ಸತ್ತ.

ಇನ್ನು ಒಳಗಿದ್ದವನು ಬದ್ರುಜ್ಜಮಾನ್ ಖಾನ್. ಟಿಪ್ಪುವಿನ ಗಟ್ಟಿ ಖಿಲ್ಲೇದಾರ. ಆರು ತಿಂಗಳು ದಾಟಿಸಿದ. ಕೊನೆಗೆ ಅನ್ನ ನೀರು ಮುಗಿದ ಮೇಲೆ ಮಾತುಕತೆ ಮಾಡಿ ಹೊರಬಂದ. ದಾರಿಯಲ್ಲಿ ಜಗಳವಾಗಿ ಮರಾಠರು ಅವನನ್ನು ಗಾಯ ಮಾಡಿ ಸೆರೆ ಹಿಡಿದರು. ಅದು ತಪ್ಪು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಧಾರವಾಡವನ್ನು ಬಿಟ್ಟು ಭಾವು ಸೀದಾ ಶ್ರೀರಂಗಪಟ್ಟಣಕ್ಕೆ ಹೋಗಬೇಕಿತ್ತು ಅನ್ನುವುದು ಸರಿಯಲ್ಲ. ಬೆನ್ನ ಹಿಂದೆ ಅಂಥ ಕೋಟೆ ಬಿಟ್ಟರೆ ಅವನಿಗೆ ಪುಣೆಯಿಂದ ಬರುವ ಕಾಳು ಯಾರ ಪಾಲಾಗುತ್ತಿತ್ತು?

ಅದರ ಮೇಲೆ ಆ ವರ್ಷ ನಮ್ಮ ಸೀಮೆಯಲ್ಲಿ ಬರ. 1791-92ರ ಡೋಗಿ ಬರ, ತಲೆಬುರುಡೆ ಬರ ಅಂತ ಹಳಬರು ಹೇಳುತ್ತಾರಲ್ಲ, ಅದೇ. ಸತ್ತವರನ್ನು ಹೂಳುವವರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವು ಅಂತ. ದಂಡುಗಳು ತಿಂದು ಹೋದ ನೆಲಕ್ಕೆ ಮಳೆಯೂ ಕೈಕೊಟ್ಟರೆ ಏನಾಗುತ್ತದೆ ಅಂತ ಊಹಿಸಿ. ಯುದ್ಧದ ಚರಿತ್ರೆ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲೇ.

ಲೆಕ್ಕದ_ಮೇಷ್ಟ್ರು:
ಒಪ್ಪಿದೆ ರೀ. ಬೆನ್ನ ಹಿಂದಿನ ಕೋಟೆಯ ಮಾತು ಸರಿ. ಆದರೆ ನನ್ನ ವಾದ ಭಾವು ಸೋಮಾರಿ ಅಂತ ಅಲ್ಲ. ಅವನ ಯುದ್ಧವೇ ಬೇರೆ ಇತ್ತು ಅಂತ.

ಜೈ_ಟೈಗರ್:
ಮೂರು ಜನ ಸೇರಿ ಒಬ್ಬನನ್ನು ಹೊಡೆದದ್ದಕ್ಕೆ ಇಷ್ಟೆಲ್ಲ ಹೊಗಳಿಕೆ ಯಾಕೆ? ದ್ರೋಹಿಗಳು ಅಂತ ನೇರವಾಗಿ ಹೇಳಿ.

ಘಟ್ಟದ_ಕೆಳಗೆ:
ಹಾಗಾದರೆ ಮಲಬಾರ್, ಕೊಡಗು, ತಿರುವಾಂಕೂರಿನವರನ್ನು ಕೇಳಿ, ಅವರಿಗೆ ಟಿಪ್ಪು ಏನು ಅಂತ. 1789ರ ಡಿಸೆಂಬರ್ 29ಕ್ಕೆ ತಿರುವಾಂಕೂರಿನ ನೆಡುಂಕೋಟೆ ಮೇಲೆ ಬಿದ್ದದ್ದು ಯಾರು? ಕೊಡಗಿನ ದೊಡ್ಡ ವೀರರಾಜೇಂದ್ರ ಬೊಂಬಾಯಿ ದಂಡಿಗೆ ದಾರಿ ಬಿಟ್ಟದ್ದು ಸುಮ್ನೆನಾ?

ನಿರ್ವಾಹಕ:
ಇಬ್ಬರೂ ನಿಲ್ಲಿಸಿ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನುವುದಕ್ಕೆ ಬೇರೆ ಎಳೆ ಇದೆ, ಅಲ್ಲಿ ಎರಡು ವರ್ಷದಿಂದ ಜಗಳ ನಡೆಯುತ್ತಲೇ ಇದೆ. ಇಲ್ಲಿ ದಂಡಯಾತ್ರೆಯ ಬಗ್ಗೆ ಮಾತ್ರ.

ಕೋಟೆ_ಅಲೆಮಾರಿ:
ಧನ್ಯವಾದ. ಮೇ ತಿಂಗಳಿಗೆ ವಾಪಸ್ ಬರೋಣ. ಅರಕೆರೆಯಲ್ಲಿ ಕಾರ್ನ್‌ವಾಲಿಸ್ ಜೊತೆ ನಿಜಾಮನ ಕುದುರೆ ದಂಡು ಇತ್ತಲ್ವಾ? ಅವರು ಏನು ಮಾಡಿದರು?

ಗಂಜಾಂ_ಅಂಜೂರ:
ಇತ್ತು. ಬೆಂಗಳೂರು ಬಿದ್ದ ಮೇಲೆ ಕಾರ್ನ್‌ವಾಲಿಸ್ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋಗಿ ಅವರನ್ನು ಕರೆತಂದ. ಸುಮಾರು 10,000 ಕುದುರೆ. ಟಿಪ್ಪುವಿನ ಲೂಟಿ ಕುದುರೆಗಳನ್ನು ಓಡಿಸಿ, ದೂರದಿಂದ ಮೇವು ತರುತ್ತಾರೆ ಅಂತ ನಂಬಿಕೆ. ಆದದ್ದು ಉಲ್ಟಾ. ಕಾವಲುಪಡೆಯ ಗೆರೆ ದಾಟಲೇ ಇಲ್ಲ. ದಂಡಿನ ಒಳಗೇ ಇದ್ದು, ಅಲ್ಲಿದ್ದ ಹುಲ್ಲನ್ನೇ ತಿನ್ನಿಸಿದರು. ಎತ್ತು ಸತ್ತದ್ದರಲ್ಲಿ ಅವರ ಪಾಲೂ ಇದೆ.

ಅರಕೆರೆಯಲ್ಲಿ ಟಿಪ್ಪುವಿನ ದಂಡು ಹಿಂದಕ್ಕೆ ಸರಿಯುವಾಗ ಬೆನ್ನು ಹತ್ತಬೇಕಿತ್ತು. ಇವರು ಹೋಗಿ ಕಂಪನಿ ದಂಡಿನ ಎಡಗಡೆ ಮುಂದೆಯೇ ಗುಂಪಾಗಿ ನಿಂತುಬಿಟ್ಟರು. ಹಿಂದಿದ್ದವರು ಮುಂದೆ ಹೋಗುವ ಹಾಗಿಲ್ಲ. ಹಿಂದಿನ ರಾತ್ರಿ ಬೇರೆ ಗುಡುಗು ಮಳೆಯಲ್ಲಿ ಕಾರ್ನ್‌ವಾಲಿಸ್ ದಂಡು ದಾರಿ ತಪ್ಪಿ, ಟಿಪ್ಪುವನ್ನು ದಿಢೀರ್ ಹಿಡಿಯುವ ಯೋಜನೆ ಹಾಳಾಗಿತ್ತು. ಟಿಪ್ಪು ತನ್ನ ಫಿರಂಗಿಗಳನ್ನು ಹೆಚ್ಚುಕಡಿಮೆ ಎಲ್ಲ ಎಳೆದುಕೊಂಡು ದ್ವೀಪದ ಒಳಗೆ ಹೋದ. ಹಳ್ಳಿಕಾರ್ ಅಣ್ಣ ಹೇಳಿದ ಎತ್ತುಗಳು ಆ ದಿನ ಕೆಲಸ ಮಾಡಿದವು.

ಮಳೆಗಾಲದ_ಓದು:
ಇದರ ಮುಂದಿನ ಭಾಗ ಯಾರೂ ಹೇಳಲಿಲ್ಲ. ನನಗೆ ಈ ಇಡೀ ಯುದ್ಧದಲ್ಲಿ ಬಹಳ ಇಷ್ಟದ ಜಾಗ ಅದು.

ಮೇ 26. ಫಿರಂಗಿ ಒಡೆದು, ಗಾಯಾಳುಗಳನ್ನು ಹೊತ್ತು, ಅರೆಹೊಟ್ಟೆಯಲ್ಲಿ ದಂಡು ವಾಪಸ್ ಹೊರಟಿದೆ. ಮೇಲುಕೋಟೆ ಗುಡ್ಡದ ಕಡೆ ಕುದುರೆ ಸವಾರರು ಕಾಣಿಸುತ್ತಾರೆ. ಟಿಪ್ಪುವಿನವರೇ ಬಂದರು ಅಂತ ಹೊಡೆದಾಟಕ್ಕೆ ಸಜ್ಜಾಗುತ್ತಾರೆ. ಹತ್ತಿರ ಬಂದ ಮೇಲೆ ನೋಡಿದರೆ ಮರಾಠರು! ಭಾವು ಮತ್ತು ಹರಿಪಂತ್ ಫಡ್ಕೆಯ ದೊಡ್ಡ ದಂಡು, ಬಹಳ ಹತ್ತಿರದಲ್ಲೇ ಇದೆ. ಅವರು ಬರುತ್ತಿದ್ದಾರೆ ಅಂತ ಕಾರ್ನ್‌ವಾಲಿಸ್‌ಗೆ ಗೊತ್ತೇ ಇರಲಿಲ್ಲ. ಕಾಗದ ತಂದ ಹರಿಕಾರರನ್ನೆಲ್ಲ ಟಿಪ್ಪುವಿನ ಕುದುರೆಗಳು ದಾರಿಯಲ್ಲೇ ಹಿಡಿದುಹಾಕಿದ್ದವು. ಒಂದೇ ವಾರ ಮುಂಚೆ ಸುದ್ದಿ ಮುಟ್ಟಿದ್ದರೆ ಫಿರಂಗಿ ಒಡೆಯುವ ಕೆಲಸವೇ ಇರಲಿಲ್ಲ.

ಮರಾಠರ ದಂಡಿನ ಜೊತೆ ಒಂದು ಬಜಾರೇ ನಡೆದು ಬರುತ್ತಿತ್ತು. ಕಂಪನಿ ಅಧಿಕಾರಿಗಳು ಬೆರಗಾಗಿ ಬರೆದಿದ್ದಾರೆ. ಅಕ್ಕಿ, ಬೇಳೆ ಮಾತ್ರ ಅಲ್ಲ. ನಾಣ್ಯ ಬದಲಿಸುವ ಸರಾಫರು, ಕಾಶ್ಮೀರದ ಶಾಲು, ಬರ್ಮಿಂಗ್‌ಹ್ಯಾಮ್‌ನ ಚಾಕು, ಒಡವೆ, ಎಲ್ಲವೂ ಅಲ್ಲಿ. ಆದರೆ ಬೆಲೆ ಮಾತ್ರ ಬಾಯಿಗೆ ಬಂದಷ್ಟು. ಹೊಟ್ಟೆಗಿಲ್ಲದೆ ಬಂದ ಮಿತ್ರರಿಗೆ ಒಂದು ಕಾಳಿನ ರಿಯಾಯಿತಿಯೂ ಇಲ್ಲ. ಹರಿಪಂತ್ ಅಷ್ಟಕ್ಕೇ ನಿಲ್ಲಲಿಲ್ಲ, ದಂಡಿಗೆ ಸಂಬಳ ಕೊಡಲು ಸಾಲವನ್ನೂ ಕೇಳಿದ. ಕಾರ್ನ್‌ವಾಲಿಸ್ ಚೀನಾಕ್ಕೆ ಹೊರಟಿದ್ದ ಕಂಪನಿ ಹಡಗಿನ ಬೆಳ್ಳಿಯನ್ನು ಮದ್ರಾಸಿನಲ್ಲಿ ಇಳಿಸಿ, ರೂಪಾಯಿ ಟಂಕಿಸಿ, ಲಕ್ಷಗಟ್ಟಲೆ ಕೊಡಬೇಕಾಯಿತು.

ಧಾರವಾಡ_ಕಟ್ಟೆ:
ದುಡ್ಡು ಕೇಳಿದ್ದು ನಿಜ. ಆದರೆ ಆ ಬಜಾರ್ ಇಲ್ಲದಿದ್ದರೆ ಕಂಪನಿ ದಂಡು ಬೆಂಗಳೂರು ಮುಟ್ಟುತ್ತಿತ್ತಾ ಮೇಡಂ? ಜಾಸ್ತಿ ಬೆಲೆಗಾದರೂ ಅನ್ನ ಸಿಕ್ಕಿತು. ಮರಾಠರು ಕೆಲಸಕ್ಕೆ ಬಾರದವರು ಅನ್ನುವವರು ಈ ಒಂದು ವಾರವನ್ನು ಮರೆತುಬಿಡುತ್ತಾರೆ.

ಹಳ್ಳಿಕಾರ್_ಜೋಡಿ:
ಅದು ಸರಿ. ಒಂದೇ ನೊಗಕ್ಕೆ ಮೂರು ಎತ್ತು ಕಟ್ಟಿದ ಹಾಗಿತ್ತು ಈ ಕೂಟ. ಆದರೂ ಎಳೆದರು ನೋಡಿ.

ಮಳೆಗಾಲದ_ಓದು:
ಒಪ್ಪುತ್ತೇನೆ ಕಟ್ಟೆಯವರೇ. ಬಜಾರ್ ಬಗ್ಗೆ ನನಗೆ ಬೇಜಾರಿಲ್ಲ, ಬೆರಗಷ್ಟೇ.

ತಾಂಡಾದ_ಹುಡುಗ:
ಎಲ್ಲರೂ ಎತ್ತು, ಬಜಾರು ಅಂತ ಬರೆದಿರಿ. ನಮ್ಮವರ ಹೆಸರು ಒಬ್ಬರೂ ಎತ್ತಲಿಲ್ಲ. ಲಂಬಾಣಿಗಳು.

ಕಂಪನಿ ಕಾಗದಗಳಲ್ಲಿ ‘ಬ್ರಿಂಜಾರಿ’ ಅಂತ ಬರುವವರು ನಾವೇ. ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು, ಹೆಂಡತಿ ಮಕ್ಕಳ ಸಮೇತ ದಂಡಿನಿಂದ ದಂಡಿಗೆ ಹೋಗುತ್ತಿದ್ದರು. ಗಾಡಿ ಇಲ್ಲ, ದಾರಿ ಬೇಡ, ಎತ್ತಿನ ಬೆನ್ನೇ ಸಾಕು. ಯಾರ ಆಳೂ ಅಲ್ಲ. ಬೆಲೆ ಕೊಟ್ಟವರಿಗೆ ಮಾರುತ್ತಿದ್ದರು. ಟಿಪ್ಪುವಿಗೂ, ಮರಾಠರಿಗೂ, ಇಂಗ್ಲಿಷರಿಗೂ.

1791ರ ಮೊದಲ ಯಾತ್ರೆಗೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅನ್ನುವವನು ಕಂಪನಿಯ ಬೇಹುಗಾರಿಕೆ ನೋಡಿಕೊಳ್ಳುತ್ತಿದ್ದ. ಮುಂದೆ ಬಾರಾಮಹಲಿನ (ಈಗಿನ ಕೃಷ್ಣಗಿರಿ, ಧರ್ಮಪುರಿ ಸೀಮೆ) ಕಂದಾಯ ಕಟ್ಟಿದವನು, ಥಾಮಸ್ ಮನ್ರೋ ಅವನ ಸಹಾಯಕನಾಗಿದ್ದ. ಆ ರೀಡ್ ತಾಂಡಾಗಳ ನಾಯಕರನ್ನು ಹುಡುಕಿ, ಮುಂಗಡ ಕೊಟ್ಟು, ಒಳ್ಳೆ ಬೆಲೆ ಮಾತಾಡಿ ಒಪ್ಪಿಸಿದ. ಸರ್ಕಾರಿ ಗುತ್ತಿಗೆದಾರ ತರಲಾಗದ ಧಾನ್ಯವನ್ನು ತಾಂಡಾಗಳು ತಂದವು. 1792ರ ಜನವರಿಯಲ್ಲಿ ಹೊರಟ ದಂಡಿನ ಹಿಂದೆ ಲಂಬಾಣಿ ಎತ್ತುಗಳ ದೊಡ್ಡ ಹಿಂಡೇ ಇತ್ತು. ಈ ಸಲ ಹಸಿವಿನ ಮಾತೇ ಬರಲಿಲ್ಲ.

ಸಿನಿಮಾ ಮಾಡಿದರೆ ಹುಲಿ, ಕತ್ತಿ, ರಾಕೆಟ್ ತೋರಿಸುತ್ತಾರೆ. ಅಕ್ಕಿ ಮೂಟೆ ತೋರಿಸಲ್ಲ.

ಹಳ್ಳಿಕಾರ್_ಜೋಡಿ:
ತಮ್ಮಾ, ಕೈ ಕೊಡು. ನಾನು ಹೇಳಬೇಕಿದ್ದದ್ದನ್ನು ನೀನೇ ಹೇಳಿದೆ.

ಲೆಕ್ಕದ_ಮೇಷ್ಟ್ರು:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಲಂಬಾಣಿಗಳು ಬರಬೇಕಾದರೆ ದಾರಿ ಸುರಕ್ಷಿತ ಇರಬೇಕು. 1791ರ ಜುಲೈನಿಂದ ಡಿಸೆಂಬರ್‌ವರೆಗೆ ಕಾರ್ನ್‌ವಾಲಿಸ್ ಮಾಡಿದ್ದು ಪೂರ್ತಿ ಅದೇ ಕೆಲಸ. ಹೊಸೂರು, ರಾಯಕೋಟೆ ಹಿಡಿದು ಮದ್ರಾಸಿನ ದಾರಿ ಬಿಡಿಸಿಕೊಂಡ. ಅಕ್ಟೋಬರ್ 19ಕ್ಕೆ ನಂದಿದುರ್ಗ ಬಿತ್ತು. ಡಿಸೆಂಬರ್ 21ಕ್ಕೆ ಸಾವನದುರ್ಗ. ಆಮೇಲೆ ಹುತ್ರಿದುರ್ಗ, ರಾಮಗಿರಿ, ಶಿವಗಿರಿ.

ಸಾವನದುರ್ಗದ ಕತೆ ಕೇಳಿ. ಸುತ್ತಲೂ ದಟ್ಟ ಬಿದಿರು ಕಾಡು, ನಡುವೆ ಆ ಬಂಡೆ. ಟಿಪ್ಪುವಿನ ಕಡೆಯವರು ಇದನ್ನು ಯಾರೂ ಹತ್ತಲಾರರು ಅಂತ ನಿಶ್ಚಿಂತೆಯಾಗಿದ್ದರು. ಇವರು ಕಾಡು ಕಡಿದು, ದಾರಿ ಮಾಡಿ, ಫಿರಂಗಿಗಳನ್ನು ಬಂಡೆ ಮೇಲೆ ಎಳೆದು, ಕೆಲವೇ ದಿನದಲ್ಲಿ ಗೋಡೆ ಒಡೆದರು. ಹಾಡುಹಗಲೇ ವಾದ್ಯ ಬಾರಿಸುತ್ತಾ ಲಗ್ಗೆ ಹಾಕಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ಲಗ್ಗೆ ಹಾಕಿದವರಲ್ಲಿ ಒಬ್ಬನೂ ಸಾಯಲಿಲ್ಲ, ಒಬ್ಬ ಸಿಪಾಯಿಗೆ ಗಾಯ. ಮಾಗಡಿ ಕಡೆಯಿಂದ ಚಾರಣಕ್ಕೆ ಹೋಗುವವರು ಆ ಬಂಡೆ ನೋಡಿ ಇದನ್ನು ನಂಬುವುದು ಕಷ್ಟ.

ಒಂದು ಕಾಕತಾಳೀಯ ಬೇಕಾ? ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಇದೇ ಕಾರ್ನ್‌ವಾಲಿಸ್ ಶರಣಾದದ್ದು 1781ರ ಅಕ್ಟೋಬರ್ 19. ಅಲ್ಲಿ ಅವನನ್ನು ಕೆಡವಿದ್ದೂ ಮಿತ್ರಕೂಟವೇ, ಅಮೆರಿಕನ್ನರು ಮತ್ತು ಫ್ರೆಂಚರು. ಸರಿಯಾಗಿ ಹತ್ತು ವರ್ಷಕ್ಕೆ ನಂದಿದುರ್ಗ. ಮಿತ್ರರು ಸರಿಯಾದ ಹೊತ್ತಿಗೆ ಒಂದೆಡೆ ಸೇರಿದರೆ ಏನಾಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಪಾಪ.

ಕೋಟೆ_ಅಲೆಮಾರಿ:
ಹಾಗಾದರೆ 1792ರಲ್ಲಾದರೂ ಮೂವರೂ ಒಟ್ಟಿಗೆ ಬಂದರಾ?

ಘಟ್ಟದ_ಕೆಳಗೆ:
ಎಲ್ಲಿ ಬಂದರು? ಭಾವು ಆ ಹೊತ್ತಿಗೆ ಶಿವಮೊಗ್ಗದ ಕಡೆ ಹೋಗಿದ್ದ. ಕ್ಯಾಪ್ಟನ್ ಲಿಟಲ್‌ನ ತುಕಡಿ ಡಿಸೆಂಬರ್ 29ಕ್ಕೆ ಅಲ್ಲಿ ಟಿಪ್ಪುವಿನ ಪಡೆಯನ್ನು ಓಡಿಸಿತು, ಜನವರಿ ಶುರುವಿನಲ್ಲಿ ಕೋಟೆ ಸಿಕ್ಕಿತು. ಅಲ್ಲಿಂದ ಬಿದನೂರಿನ ಶ್ರೀಮಂತ ಸೀಮೆ ನೋಡಿ ಆಸೆ ಹುಟ್ಟಿತು. ಭಾವು ಶ್ರೀರಂಗಪಟ್ಟಣಕ್ಕೆ ಬಂದದ್ದು ಕದನ ನಿಂತ ಮೇಲೆ. ಹರಿಪಂತ್ ಮಾತ್ರ ಕಾರ್ನ್‌ವಾಲಿಸ್ ಜೊತೆ ಇದ್ದ.

ಇನ್ನು 1791ರಲ್ಲೇ ಪಟವರ್ಧನರ ದಂಡಿನ ಪಿಂಡಾರಿಗಳು ಶೃಂಗೇರಿ ಮಠ ಲೂಟಿ ಮಾಡಿದರು. ಶಾರದಾಂಬೆಯ ವಿಗ್ರಹವನ್ನೇ ಕಿತ್ತರು. ಮಠ ಬಿಟ್ಟು ಹೋಗಬೇಕಾದ ಸ್ವಾಮಿಗಳು ಬರೆದದ್ದು ಟಿಪ್ಪುವಿಗೆ. ಟಿಪ್ಪು ಮರುಪ್ರತಿಷ್ಠೆಗೆ ಹಣ, ಧಾನ್ಯ ಕೊಡಿಸಿದ. ಆ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡುಹಿಡಿದರು. ಮೇಲೆ ನಾನು ಟಿಪ್ಪುವನ್ನು ಬೈದಿದ್ದೆ, ಈಗಲೂ ಮಲಬಾರಿನ ವಿಷಯದಲ್ಲಿ ಬೈಯುತ್ತೇನೆ. ಆದರೆ ಈ ಯುದ್ಧವನ್ನು ಧರ್ಮದ ಯುದ್ಧ ಅಂತ ಮಾಡಲು ಹೊರಟವರಿಗೆ ಶೃಂಗೇರಿ ಅಡ್ಡ ಬರುತ್ತದೆ. ಬ್ರಾಹ್ಮಣ ಸೇನಾಪತಿಯ ದಂಡು ಮಠ ದೋಚುತ್ತದೆ, ಸುಲ್ತಾನ ಕಟ್ಟಿಸಿಕೊಡುತ್ತಾನೆ, ಇನ್ನೊಬ್ಬ ಮುಸ್ಲಿಂ ದೊರೆ ಸುಲ್ತಾನನ ಎದುರು ದಂಡು ಕಳಿಸುತ್ತಾನೆ.

ನಿರ್ವಾಹಕ:
ಇದು ದಂಡಯಾತ್ರೆಗೆ ಸಂಬಂಧಿಸಿದ್ದೇ, ಇರಲಿ. ಇದರ ಮೇಲೆ ಉತ್ತರ ಬರೆಯುವವರು ಭಾಷೆ ನೋಡಿಕೊಳ್ಳಿ.

ಗಂಜಾಂ_ಅಂಜೂರ:
ಕೊನೆಯ ಆಟ ನಮ್ಮ ಊರಲ್ಲೇ ನಡೆದದ್ದು, ಅದನ್ನು ನಾನೇ ಬರೆಯುತ್ತೇನೆ.

1792ರ ಫೆಬ್ರವರಿ 5ರಂದು ಮಿತ್ರ ದಂಡುಗಳು ಈಗಿನ ಪಾಂಡವಪುರದ ಬಂಡೆಗಳ ಹಿಂದೆ ಬಂದು ಬಿಡಾರ ಹೂಡಿದವು. ಇಂಗ್ಲಿಷರು ಅದಕ್ಕೆ ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಟಿಪ್ಪು ಹೊಳೆಯ ಈಚೆ, ಮುಳ್ಳುಬೇಲಿಯ ಒಳಗೆ, ಬತೇರಿಗಳ ಸಾಲು ಕಟ್ಟಿಕೊಂಡು ಕೂತಿದ್ದ. ನಿಧಾನಕ್ಕೆ ಮುತ್ತಿಗೆ ಹಾಕುತ್ತಾರೆ ಅಂತ ಅವನ ಲೆಕ್ಕ. ಕಾರ್ನ್‌ವಾಲಿಸ್ ಮರುದಿನವೇ, 6ರ ರಾತ್ರಿ, ಬೆಳದಿಂಗಳಲ್ಲಿ, ಫಿರಂಗಿ ಇಲ್ಲದೆ ಬರೀ ಕಾಲಾಳುಗಳನ್ನು ಮೂರು ಸಾಲಿನಲ್ಲಿ ನುಗ್ಗಿಸಿದ. ಬಲಕ್ಕೆ ಮೆಡೋಸ್, ನಡುವೆ ತಾನು, ಎಡಕ್ಕೆ ಕರಿಘಟ್ಟದ ಕಡೆ ಮ್ಯಾಕ್ಸ್‌ವೆಲ್.

ತಮಾಷೆ ಏನು ಗೊತ್ತಾ? ಹರಿಪಂತನಿಗೂ, ನಿಜಾಮನ ಕಡೆಯವರಿಗೂ ಮುಂಚೆ ಹೇಳಿರಲಿಲ್ಲ. ದಂಡು ಹೊರಟ ಮೇಲೆ ತಿಳಿಸಿದರು. ಗವರ್ನರ್ ಜನರಲ್ ಆದವನು ಫಿರಂಗಿಯೂ ಇಲ್ಲದೆ ಮಾಮೂಲಿ ಸಿಪಾಯಿ ಹಾಗೆ ಹೋದನಲ್ಲ ಅಂತ ಅವರು ಗಾಬರಿಯಾದರಂತೆ. ಎರಡು ವರ್ಷ ಕೂಟ ಕಟ್ಟಿ, ಸಾಲ ಕೊಟ್ಟು, ಕಾಯ್ದು, ಕೊನೆಯ ಹೊಡೆತಕ್ಕೆ ಮಿತ್ರರನ್ನು ಕರೆಯಲೇ ಇಲ್ಲ!

ಎಲ್ಲವೂ ಸರಿ ಹೋಗಲಿಲ್ಲ. ಮೆಡೋಸ್ ಈದ್ಗಾ ಬತೇರಿಯಲ್ಲಿ ಸಿಕ್ಕಿಕೊಂಡು ದಾರಿ ಬಿಟ್ಟ. ಕಾರ್ನ್‌ವಾಲಿಸ್ ಸುತ್ತ ಒಂದಷ್ಟು ಹೊತ್ತು ಜನವೇ ಇರಲಿಲ್ಲ. ಆದರೂ ಬೆಳಗಾಗುವ ಹೊತ್ತಿಗೆ ದ್ವೀಪದ ಮೇಲೆ ಕಾಲಿಟ್ಟಾಗಿತ್ತು. ಗಂಜಾಂ ಪೇಟೆ ಅವರ ಕೈಗೆ ಬಂತು. ಲಾಲ್‌ಬಾಗಿನ ಸೈಪ್ರೆಸ್ ಮರಗಳನ್ನು ಕಡಿದು ಮುತ್ತಿಗೆ ಕಟ್ಟಿಗೆ ಮಾಡಿಕೊಂಡರು. ಬೆಂಗಳೂರಿನದಲ್ಲ, ಇಲ್ಲೇ ದ್ವೀಪದಲ್ಲಿ ಹೈದರನ ಗೋರಿ ಇರುವ ತೋಟ ಅದು. ಕೋಟೆಯ ಮೇಲಿಂದ ಅದನ್ನು ನೋಡುತ್ತಿದ್ದ ಟಿಪ್ಪುವಿಗೆ ಹೇಗಾಗಿರಬೇಕು. 16ಕ್ಕೆ ಅಬರ್‌ಕ್ರಾಂಬಿಯೂ ಬಂದು ಸೇರಿದ. 24ಕ್ಕೆ ಫಿರಂಗಿ ಸದ್ದು ಅಡಗಿ ಕದನ ನಿಂತಿತು.

ಲೆಕ್ಕದ_ಮೇಷ್ಟ್ರು:
ಆಮೇಲೆ ಲೆಕ್ಕ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಮತ್ತು ಇಬ್ಬರು ಮಕ್ಕಳು ಒತ್ತೆ. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಫೆಬ್ರವರಿ 26ಕ್ಕೆ ಕಾರ್ನ್‌ವಾಲಿಸ್ ಡೇರೆಗೆ ಬಂದರು. ಒಪ್ಪಂದಕ್ಕೆ ಕೊನೆಯ ಸಹಿ ಮಾರ್ಚ್ 18. ನಡುವೆ ಕೊಡಗಿನ ವಿಷಯಕ್ಕೆ ಎಲ್ಲ ಮುರಿದು ಬೀಳುವ ಹಾಗಾಗಿತ್ತು. ಕೊಡಗು ಮೂವರಲ್ಲಿ ಯಾರ ಗಡಿಗೂ ಹತ್ತಿರವಿಲ್ಲ, ಅದನ್ನು ಯಾಕೆ ಕೊಡಬೇಕು ಅಂತ ಟಿಪ್ಪು ಸಿಟ್ಟಾದ. ಅವನ ಮಾತಲ್ಲಿ ನ್ಯಾಯವಿತ್ತು, ಆದರೆ ಕೇಳುವವರು ಯಾರು.

ಹಂಚಿಕೆ ಮಾತ್ರ ಬರೆದ ಹಾಗೇ ಆಯಿತು. ತಲಾ ಸುಮಾರು 39 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆ. ಮರಾಠರಿಗೆ ಧಾರವಾಡದ ಕಡೆ ತುಂಗಭದ್ರೆಯವರೆಗೆ. ನಿಜಾಮನಿಗೆ ಕೊಪ್ಪಳ, ಕಡಪ, ಗಂಡಿಕೋಟ. ಕಂಪನಿಗೆ ಮಲಬಾರ್, ದಿಂಡಿಗಲ್, ಬಾರಾಮಹಲ್, ಮೇಲೆ ಕೊಡಗು. ಕಂಪನಿ ಆರಿಸಿಕೊಂಡದ್ದು ಸಮುದ್ರ ತೀರ ಮತ್ತು ಘಟ್ಟದ ಕಣಿವೆಗಳು. ಮತ್ತೊಮ್ಮೆ ಹತ್ತಬೇಕಾದರೆ ದಾರಿ ತೆರೆದಿರಲಿ ಅಂತ.

ಆ ದಂಡದ ದುಡ್ಡು ಎಲ್ಲಿಂದ ಬಂತು ಗೊತ್ತಾ? ಮಾರ್ಕ್ ವಿಲ್ಕ್ಸ್ ಎಂಬ ಕಂಪನಿ ಅಧಿಕಾರಿ ಕೊಡುವ ಲೆಕ್ಕದಲ್ಲಿ ಖಜಾನೆಯಿಂದ 1 ಕೋಟಿ 10 ಲಕ್ಷ, ದಂಡಿನವರಿಂದ 60 ಲಕ್ಷ, ಉಳಿದ 1 ಕೋಟಿ 60 ಲಕ್ಷ ಅಮಲ್ದಾರರು ಮತ್ತು ಜನರಿಂದ. ಎರಡು ವರ್ಷ ನಾಲ್ಕು ದಂಡುಗಳು ತಿಂದು, ಸುಟ್ಟು, ತುಳಿದು ಹೋದ ಜನರಿಂದಲೇ.

ರಾಕೆಟ್_ರಾಜ:
ಆಮೇಲೆ ಈ ಮೂವರ ಸ್ನೇಹ ಎಷ್ಟು ದಿನ ಬಾಳಿತು?

ಧಾರವಾಡ_ಕಟ್ಟೆ:
ಮೂರು ವರ್ಷ. 1795ರ ಮಾರ್ಚ್‌ನಲ್ಲಿ ಖರ್ಡಾದಲ್ಲಿ ಮರಾಠರೂ ನಿಜಾಮನೂ ಹೊಡೆದಾಡಿದರು. ಕಂಪನಿ ದೂರ ನಿಂತು ನೋಡಿತು. ಹರಿಪಂತ್ 1794ರಲ್ಲೇ ತೀರಿಹೋಗಿದ್ದ, ಹಾಗಾಗಿ ಮರಾಠಾ ದಂಡಿಗೆ ಸೇನಾಪತಿ ನಮ್ಮ ಅದೇ ಪರಶುರಾಮ ಭಾವು. ನಿಜಾಮ ಸೋತ. ಸೋತ ಮೇಲೆ ಅವನು ಮರಾಠರಿಗೆ ಒಪ್ಪಿಸಬೇಕಾಗಿ ಬಂದದ್ದು ತನ್ನ ದಿವಾನ ಮುಶೀರ್ ಉಲ್ ಮುಲ್ಕ್‌ನನ್ನು. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಹರಿಪಂತನ ಪಕ್ಕ ಕೂತು ಟಿಪ್ಪುವಿನ ಅರ್ಧ ರಾಜ್ಯ ಹಂಚಿದ್ದವನು ಅವನೇ. ಅವನನ್ನು ಪುಣೆಗೆ ಕರೆದೊಯ್ದು ಒತ್ತೆಯಾಗಿ ಇಟ್ಟುಕೊಂಡರು.